ಶಾಸನಗಳ ವಿಳಾಸ

ಗ್ರಂಥ ಕೈಗೆ ಬಂದರೆ ನಾನು ಮೊದಲು ತಿರುವುವುದು ಅದರ ಕೊನೆಯ ಪುಟಗಳನ್ನು. ಅಲ್ಲಿರುವ ಅಕಾರಾದಿ ಸೂಚಿಯೇ ಸಂಶೋಧಕನಿಗೆ ಹೆಬ್ಬಾಗಿಲು. ಕರಡು ತಿದ್ದಿ ಪುಟಸಂಖ್ಯೆ ನಿಂತಮೇಲಲ್ಲದೆ ಅದು ಸಿದ್ಧವಾಗದು. ಆಮೇಲೆ ಒಂದು ಪುಟ ಕದಲಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ.

‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಬಿ. ಎಲ್. ರೈಸ್ ಅವರು ಪುಟದ ಹಂಗಿಲ್ಲದ ದಾರಿ ಹಿಡಿದರು. ಊರಿನ ಅಥವಾ ತಾಲ್ಲೂಕಿನ ಹೆಸರು, ಅದರ ಮುಂದೆ ಶಾಸನದ ಅಂಕೆ. ಇಷ್ಟಿದ್ದರೆ ಸಾಕು, ಶಾಸನ ಸಿಕ್ಕಿತೆಂದೇ ಲೆಕ್ಕ.

ಆದರೆ ಅಂಕೆಯೂ ಶಾಶ್ವತವಲ್ಲ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. ೧೮೮೯ರಲ್ಲಿ ರೈಸ್ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು ೧೪೪. ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು ೫೦೦ ಆದವು. ಹೊಸವು ಸೇರಿ ಸಾಲು ಬದಲಾಯಿತು. ಹಳೆಯ ೪೦ನೆಯ ಶಾಸನ ೬೪ನೆಯದಾಯಿತು. ಹಳೆಯ ಅಂಕೆಯನ್ನು ನಂಬಿ ಹೊಸ ಸಂಪುಟ ತೆರೆದವನಿಗೆ ಎದುರಾಗುವುದು ಬೇರೆಯದೇ ಶಾಸನ!

ಆಚಾರ್ಯರು ಇದನ್ನು ಮರೆಯಲಿಲ್ಲ. ಹೊಸ ಅಂಕೆಯ ಪಕ್ಕದಲ್ಲಿ ಕಂಸದೊಳಗೆ ಹಳೆಯದನ್ನೂ ಉಳಿಸಿದರು. ನೋಡಲು ಅತಿ ಸಣ್ಣ ಕೆಲಸ. ಆದರೆ ಅದಿಲ್ಲದಿದ್ದರೆ, ಮೂವತ್ತನಾಲ್ಕು ವರ್ಷಗಳ ಕಾಲ ವಿದ್ವಾಂಸರು ಆ ಸಂಪುಟವನ್ನು ನೆಚ್ಚಿ ಬರೆದಿದ್ದ ಅಡಿಟಿಪ್ಪಣಿಗಳೆಲ್ಲ ಒಮ್ಮೆಗೇ ದಾರಿ ತಪ್ಪುತ್ತಿದ್ದವು. ಪಾಂಡಿತ್ಯಕ್ಕಿಂತ ಈ ಸೌಜನ್ಯವೇ ನನಗೆ ದೊಡ್ಡದಾಗಿ ಕಾಣುತ್ತದೆ.