ಸರ್ವರ್ ಕಡತ: ಅಳಿಸುವ ಹಕ್ಕು ಯಾರದು?

ಹಲವು ಗಣಕಯಂತ್ರಗಳು ಒಂದೇ ಸರ್ವರ್‌ನ ಕಡತಗಳನ್ನು ಹಂಚಿಕೊಂಡಿರುವ ಕಚೇರಿಗಳಲ್ಲಿ ಎರಡು ದೂರುಗಳು ಸಾಮಾನ್ಯ. ಒಂದು, ಬೇಡದ ಕಡತ ಅಳಿಯುತ್ತಿಲ್ಲ; ಇನ್ನೊಂದು, ಬೇಕಾದ ಕಡತ ಅಳಿದುಹೋಗಿದೆ. ಓದುವ, ತಿದ್ದುವ ಹಾಗೂ ಅಳಿಸುವ ಹಕ್ಕುಗಳು ಬೇರೆ ಬೇರೆ ಎಂಬುದನ್ನು ಅರಿತರೆ ಎರಡಕ್ಕೂ ದಾರಿ ಕಾಣುತ್ತದೆ.

ಕಡತ ಅಳಿಯದಿದ್ದರೆ

* ಕಡತವನ್ನು ಬೇರೆಯವರು ತೆರೆದಿಟ್ಟಿರಬಹುದು. ವಿಂಡೋಸ್ ಸರ್ವರ್‌ನ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ನಲ್ಲಿರುವ ‘ಓಪನ್ ಫೈಲ್ಸ್’ ಪಟ್ಟಿಯಲ್ಲಿ ಅದು ಕಾಣಸಿಗುತ್ತದೆ.
* ವಿಂಡೋಸ್‌ನಲ್ಲಿ ಹಂಚಿಕೆಯ ಅನುಮತಿ ಮತ್ತು ಎನ್‌ಟಿಎಫ್‌ಎಸ್ ಅನುಮತಿ ಎಂಬ ಎರಡು ಬಾಗಿಲುಗಳಿವೆ. ಜಾಲದ ಮೂಲಕ ಬಂದವರಿಗೆ ಎರಡರಲ್ಲಿ ಹೆಚ್ಚು ಬಿಗಿಯಾದುದೇ ಅನ್ವಯಿಸುತ್ತದೆ.
* ಲಿನಕ್ಸ್‌ನಲ್ಲಿ ಅಳಿಸುವ ಹಕ್ಕು ಕಡತಕ್ಕಲ್ಲ, ಅದಿರುವ ಫೋಲ್ಡರ್‌ಗೆ ಸೇರಿದ್ದು. ಫೋಲ್ಡರ್‌ಗೆ ‘ಸ್ಟಿಕಿ ಬಿಟ್’ ಹಾಕಿದ್ದರೆ ಕಡತದ ಒಡೆಯ, ಫೋಲ್ಡರ್‌ನ ಒಡೆಯ ಅಥವಾ ರೂಟ್ ಮಾತ್ರ ಅಳಿಸಬಲ್ಲರು.
* ಬಳಕೆದಾರರನ್ನು ಹೊಸ ಗುಂಪಿಗೆ ಸೇರಿಸಿದ್ದರೆ ಅವರು ಒಮ್ಮೆ ಲಾಗ್ ಆಫ್ ಆಗಿ ಮರಳಬೇಕು.

ತೊಡಕು ಬಿಡಿಸಲೆಂದು ಎಲ್ಲರಿಗೂ ಪೂರ್ಣ ಅಧಿಕಾರ ಕೊಡುವುದು ಸಲ್ಲದು.

ಕಡತ ಅಳಿದುಹೋದರೆ

ಜಾಲದ ಫೋಲ್ಡರ್‌ನಿಂದ ಅಳಿಸಿದ ಕಡತ ಸಾಮಾನ್ಯವಾಗಿ ನಿಮ್ಮ ಗಣಕದ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಸರ್ವರ್‌ನಲ್ಲಿ ‘ಶ್ಯಾಡೋ ಕಾಪಿ’ಯನ್ನು ಮೊದಲೇ ಚಾಲನೆಗೊಳಿಸಿದ್ದರೆ ‘ಪ್ರೀವಿಯಸ್ ವರ್ಷನ್ಸ್’ನಲ್ಲಿ ಹಳೆಯ ಪ್ರತಿ ದೊರೆಯಬಹುದು. ಸಾಂಬಾ ಸರ್ವರ್‌ನಲ್ಲಿಯೂ ‘ರೀಸೈಕಲ್’ ಘಟಕವನ್ನು ಮುಂಚಿತವಾಗಿ ಅಳವಡಿಸಿರಬೇಕು. ಇವೆರಡೂ ಇಲ್ಲವಾದರೆ ಬ್ಯಾಕಪ್ ಒಂದೇ ಆಸರೆ.

‘ಭೂಮಿ’ಯ ಪಾಠ

ಈ ವಿಷಯದ ತೂಕ ತಿಳಿಯಲು ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೋಡಬಹುದು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರದಂತಹ ಗ್ರಾಮದ ರೈತನ ಒಡೆತನವೂ ಹೀಗೆ ದತ್ತಾಂಶದ ಒಂದು ಸಾಲಾಯಿತು. ಆ ಸಾಲನ್ನು ಯಾರು ಬೇಕಾದರೂ ಅಳಿಸುವಂತಿದ್ದರೆ ಹೊಲದ ಹಕ್ಕಿಗೇ ಸಂಚಕಾರ. ಆದ್ದರಿಂದಲೇ ಅಲ್ಲಿ ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚನ್ನು ಕಡ್ಡಾಯಗೊಳಿಸಲಾಯಿತು. ತಿದ್ದುಪಡಿ ಮಾಡಿದವರು ಯಾರೆಂಬುದು ಇದರಿಂದ ದಾಖಲಾಗುತ್ತದೆ.

ಸಣ್ಣ ಕಚೇರಿಗೂ ಇದೇ ನಿಯಮ ಒಪ್ಪುತ್ತದೆ: ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಕೆಲಸಕ್ಕೆ ತಕ್ಕಷ್ಟೇ ಹಕ್ಕು, ಅಳಿಸುವಿಕೆಗೆ ಆಡಿಟ್ ದಾಖಲೆ ಹಾಗೂ ಆಗಾಗ ಮರುಸ್ಥಾಪಿಸಿ ಪರೀಕ್ಷಿಸಿದ ಬ್ಯಾಕಪ್.