ನಂದಿ ಸೀಮೆಯ ವಿದ್ಯಾರ್ಥಿಗಳೂ ಕಾಲೇಜಿನ ಹೆಬ್ಬಾಗಿಲೂ

ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಶಾಲೆ ಕಾಲೇಜುಗಳು ಸ್ಥಾಪನೆಗೊಂಡ ವರ್ಷಗಳನ್ನೂ, ಅವುಗಳಿಗೆ ಕಾರಣಪುರುಷರಾದ ಮಹಾರಾಜರ ಮತ್ತು ದಿವಾನರ ಹೆಸರುಗಳನ್ನೂ ಹೇಳಿ ತೃಪ್ತರಾಗುತ್ತಾರೆ. ಹಳ್ಳಿಯ ಹುಡುಗನೊಬ್ಬನು ಆ ಕಾಲೇಜಿನ ಬಾಗಿಲಿನವರೆಗೆ ಹೇಗೆ ಬಂದನು, ಬಂದವನು ರಾತ್ರಿ ಎಲ್ಲಿ ಮಲಗಿದನು, ಅವನಿಗೆ ಅನ್ನವಿಕ್ಕಿದವರು ಯಾರು, ಅಂಥದೊಂದು ಕಾಲೇಜು ಇದೆಯೆಂದು ಅವನಿಗೆ ತಿಳಿಸಿದವರು ಯಾರು ಎಂಬ ಪ್ರಶ್ನೆಗಳು ಆ ಚರಿತ್ರೆಯಲ್ಲಿ ಬದಿಗೆ ಸರಿದುಬಿಡುತ್ತವೆ. ಆದರೆ ಆಯ್ದ ಕೆಲವರಿಗೆ ಮಾತ್ರ ಪ್ರವೇಶ ಕೊಡುವ ವಿದ್ಯಾಲಯಗಳ ವಿಷಯದಲ್ಲಿ ಈ ಪ್ರಶ್ನೆಗಳೇ ಮೊದಲಿನವು; ಪರೀಕ್ಷೆಯ ಅಂಕಗಳು ಆಮೇಲಿನವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಉದಾಹರಣೆಗಳಿಂದ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೂ ಇವೆಲ್ಲವೂ ಕೋಲಾರ ಜಿಲ್ಲೆಗೆ ಸೇರಿದ್ದವು. ನದಿಯ ನೀರಾವರಿಯಿಲ್ಲದೆ ಕೆರೆ, ಬಾವಿ, ರೇಷ್ಮೆಗಳನ್ನು ನಂಬಿದ ಸೀಮೆಯಿದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು ಎಂಬ ಮೂರು ಮೆಟ್ಟಿಲುಗಳನ್ನು ಇಲ್ಲಿಯ ಅನೇಕ ಮಕ್ಕಳು ಹತ್ತಬೇಕಾಗಿತ್ತು.

ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನವೃತ್ತಾಂತವನ್ನು ತಿಳಿಯದ ವಾಚಕರಿಲ್ಲ. ಆದರೆ ಕನ್ನಂಬಾಡಿಯ ಬೆಳಕಿನಲ್ಲಿ ಅವರ ವಿದ್ಯಾರ್ಥಿದೆಸೆಯು ಮಸುಕಾಗಿ ಕಾಣುತ್ತದೆ. ಅವರ ಜನನವರ್ಷವನ್ನು ಕೆಲವರು 1860 ಎಂದೂ ಹಲವರು 1861 ಎಂದೂ ಬರೆಯುವುದುಂಟು. ನಮ್ಮ ವಿಷಯಕ್ಕೆ ಅದರಿಂದ ಬಾಧಕವಿಲ್ಲ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಪಂಡಿತರು. ವಿದ್ಯೆಯಲ್ಲಿ ಶ್ರೀಮಂತರು, ಹಣದಲ್ಲಿ ಅಲ್ಲ. ಮಗನ ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಬಾಲ್ಯ ಕಳೆಯುವ ಮುನ್ನವೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರು ಇದ್ದುದರಿಂದ ಹುಡುಗನಿಗೆ ವೆಸ್ಲಿಯನ್ ಮಿಷನ್ ಹೈಸ್ಕೂಲಿನ ದಾರಿ ತೆರೆಯಿತು. ಅಲ್ಲಿಂದ ಸೆಂಟ್ರಲ್ ಕಾಲೇಜು. ಆ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಈ ಹೆಸರನ್ನು ಪಡೆದಿತ್ತು. ಪದವಿ ಕೊಡುವ ಅಧಿಕಾರ ಮಾತ್ರ ಮದರಾಸಿನದು. ಸಂಸ್ಥಾನದ ಹುಡುಗನು ಬೆಂಗಳೂರಿನಲ್ಲಿ ಓದಿದರೂ ಅವನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಪರರಾಜ್ಯದ ವಿಶ್ವವಿದ್ಯಾಲಯ.

ವಿಶ್ವೇಶ್ವರಯ್ಯನವರು ಓದುತ್ತಿದ್ದ ಕಾಲದಲ್ಲಿಯೇ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ನಿಭಾಯಿಸಿಕೊಂಡರು. 1881ರಲ್ಲಿ ಬಿ.ಎ. ಪದವೀಧರರಾದರು. ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ವಿದ್ಯಾರ್ಥಿಯ ಗಣಿತಪ್ರತಿಭೆ ಮೆಚ್ಚುಗೆಯಾಗಿತ್ತು. ಮುಂದೆ ಇಂಜಿನಿಯರಿಂಗ್ ಓದಬೇಕೆಂದರೆ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಹೋಗಬೇಕು. ಮನೆಪಾಠದ ಸಂಪಾದನೆ ಪುಣೆಯವರೆಗೆ ಸಾಗುವಂಥದಲ್ಲ. ಅದೇ 1881ರಲ್ಲಿ ಸಂಸ್ಥಾನವು ಬ್ರಿಟಿಷರಿಂದ ಒಡೆಯರ ಕೈಗೆ ಮರಳಿ, ರಂಗಾಚಾರ್ಲು ಅವರು ದಿವಾನರಾಗಿದ್ದರು. ಅವರ ಸರ್ಕಾರವು ಕೊಟ್ಟ ವಿದ್ಯಾರ್ಥಿವೇತನದಿಂದ ವಿಶ್ವೇಶ್ವರಯ್ಯನವರು ಪುಣೆಗೆ ಹೋದರು, 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮೈಸೂರಿನ ಹಣದಲ್ಲಿ ಓದಿದ ವಿದ್ಯಾರ್ಥಿಯು ಮೈಸೂರಿಗೆ ಚೀಫ್ ಇಂಜಿನಿಯರಾಗಿ ಮರಳಿದ್ದು 1909ರಲ್ಲಿ. ವಿದ್ಯಾರ್ಥಿವೇತನ ಕೊಟ್ಟವರು ಫಲಕ್ಕಾಗಿ ಕಾಲು ಶತಮಾನ ಕಾಯಬೇಕಾಯಿತು. ರಂಗಾಚಾರ್ಲು ಅವರಂತೂ 1883ರ ಆರಂಭದಲ್ಲಿಯೇ ಕಾಲವಾಗಿದ್ದರು.

ಇಲ್ಲಿ ವಿಚಾರಿಸಬೇಕಾದ ಸಂಗತಿ ಒಂದುಂಟು. ವಿಶ್ವೇಶ್ವರಯ್ಯನವರ ಬುದ್ಧಿಶಕ್ತಿಯ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಬೆಂಗಳೂರಿನಲ್ಲಿ ಸೋದರಮಾವನ ಮನೆ ಇಲ್ಲದಿದ್ದರೆ ಆ ಬುದ್ಧಿ ಮುದ್ದೇನಹಳ್ಳಿಯಿಂದ ಎಷ್ಟು ದೂರ ಹೋಗುತ್ತಿತ್ತು? ಆ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಪಟ್ಟಣದಲ್ಲಿದ್ದ ಮುಖ್ಯ ಆಸರೆ ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಎಷ್ಟೋ ವಿದ್ವಾಂಸರು ಆ ಅನ್ನದಿಂದ ಬೆಳೆದರು. ಆದರೆ ಪಂಕ್ತಿಯ ನಿಯಮ ಬಿಗಿಯಾಗಿದ್ದ ಆ ದಿನಗಳಲ್ಲಿ ವಾರಾನ್ನವು ಬಹುಮಟ್ಟಿಗೆ ಬ್ರಾಹ್ಮಣ ವಟುಗಳಿಗೆ ಒದಗುವ ಅನುಕೂಲವಾಗಿತ್ತು. ಶಿಡ್ಲಘಟ್ಟದ ರೇಷ್ಮೆಗೂಡು ಬಿಚ್ಚುವವನ ಮಗನಿಗಾಗಲಿ, ಚಿಂತಾಮಣಿಯ ಬೇಸಾಯಗಾರನ ಮಗನಿಗಾಗಲಿ ಸೆಂಟ್ರಲ್ ಕಾಲೇಜಿನ ನಿಯಮಾವಳಿಯು ಅಡ್ಡಬರಲಿಲ್ಲ. ಊಟದ ಎಲೆ ಅಡ್ಡಬಂದಿತು.

ಆದುದರಿಂದಲೇ 20ನೆಯ ಶತಮಾನದ ಮೊದಲ ದಶಕಗಳ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಕಾಲೇಜುಗಳ ಚರಿತ್ರೆಯಷ್ಟೇ ಗೌರವದಿಂದ ಓದಬೇಕು. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಯಾತ್ರಿಕರಿಗಾಗಿ ಛತ್ರವನ್ನು ಕಟ್ಟಿಸಿದರು. ಅವರ ಧರ್ಮಸಂಸ್ಥೆಯಿಂದ ಉಚಿತ ವಿದ್ಯಾರ್ಥಿನಿಲಯವೂ ಬೆಳೆಯಿತು. ಯಾತ್ರಿಕನಿಗೆ ತೋರಿದ ದಯೆ ವಿದ್ಯಾರ್ಥಿಗೂ ವಿಸ್ತರಿಸಿತು ಎನ್ನಬಹುದು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಉದ್ಧಾನ ಶಿವಯೋಗಿಗಳ ಕಾಲದಿಂದ ನಡೆದುಬಂದ ಅನ್ನ ಮತ್ತು ಅಕ್ಷರಗಳ ದಾಸೋಹವನ್ನು ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳ ಎಣಿಕೆಯಿಲ್ಲದೆ ವಿಸ್ತರಿಸುತ್ತ ಹೋದರು. ಸ್ವಾಮಿಗಳು ತಾವೇ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 1930ರಲ್ಲಿ ಮಠದ ಕರೆ ಬಂದುದರಿಂದ ಪದವಿಯ ಓದು ಅಲ್ಲಿಗೆ ನಿಂತಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವು ತನ್ನ ಜನರಿಗಾಗಿ ಇದೇ ಕೆಲಸವನ್ನು ಕೈಗೊಂಡಿತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಇವಾವುದರ ಬಾಗಿಲೂ ಸುಲಭವಾಗಿರಲಿಲ್ಲ. ಅವರಿಗಾಗಿ ನಿಲಯಗಳನ್ನು ನಡೆಸಿದ ಗೋಪಾಲಸ್ವಾಮಿ ಅಯ್ಯರ್ ಅವರ ಸೇವೆಯನ್ನು ನಮ್ಮ ವಿದ್ಯಾರ್ಥಿಗಳು ಇನ್ನಷ್ಟು ಬಲ್ಲವರಾಗಬೇಕು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ತಾವು ಮದರಾಸಿನ ಪದವಿಗಾಗಿ ಬರೆದು, ಇಂಜಿನಿಯರಿಂಗಿಗಾಗಿ ಪುಣೆಯವರೆಗೆ ಹೋದ ದಾರಿಯನ್ನು ಮುಂದಿನವರಿಗೆ ಮೊಟಕುಗೊಳಿಸಿದರು ಎಂದು ಈ ಮೂರು ವರ್ಷಗಳನ್ನು ಓದಿಕೊಳ್ಳಬಹುದು. ದೇಶೀಯ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾಲಯವನ್ನು ಪಡೆದದ್ದು ಇದೇ ಮೊದಲು.

ಆದರೆ ಅದೇ ಕಾಲದಲ್ಲಿ ಬಾಗಿಲಿನ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಬ್ರಾಹ್ಮಣೇತರ ಸಮಾಜಗಳ ಪ್ರಾರ್ಥನೆಯ ಮೇರೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅದು 1919ರಲ್ಲಿ ವರದಿ ಒಪ್ಪಿಸಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮಾಜಗಳಿಗೆ ಸಲ್ಲುವಂತಾಗಬೇಕೆಂದಿತು. ವಿದ್ಯಾರ್ಥಿವೇತನ ಮತ್ತು ನಿಲಯಗಳ ಅಗತ್ಯವನ್ನೂ ಎತ್ತಿಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಹಿಂದುಳಿದವರ ವಿದ್ಯಾಭ್ಯಾಸಕ್ಕೆ ನೆರವು ಕೊಡುವುದಕ್ಕೆ ಅವರು ಸಿದ್ಧರಿದ್ದರು. ಹುದ್ದೆಗೆ ಯೋಗ್ಯತೆಯೊಂದೇ ಅಳತೆಯಾಗಬೇಕೆಂಬುದು ಅವರ ನಿಲುವು. ಅವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಅವರ ನಿಲುವಿನಲ್ಲಿ ಸ್ವಾರ್ಥವನ್ನು ಹುಡುಕುವುದು ಅನ್ಯಾಯ. ಆದರೂ, ಸೋದರಮಾವನ ಮನೆ ಮತ್ತು ದಿವಾನರ ವಿದ್ಯಾರ್ಥಿವೇತನ ಎರಡೂ ಯೋಗ್ಯತೆಯ ಲೆಕ್ಕಕ್ಕೆ ಸೇರದೆ ಯೋಗ್ಯತೆಯನ್ನು ಸಾಧ್ಯಗೊಳಿಸಿದ ಸಂಗತಿಗಳೆಂಬುದನ್ನು ಆ ಮಹನೀಯರ ಜೀವನವೇ ತೋರಿಸುತ್ತದೆ. ಈ ಒಂದು ವಿಷಯದಲ್ಲಿ ಮಿಲ್ಲರ್ ಸಮಿತಿಯ ಕಣ್ಣು ಹೆಚ್ಚು ನಿಚ್ಚಳವಾಗಿತ್ತೆಂದು ಈ ಲೇಖಕನ ಅಭಿಪ್ರಾಯ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರಿಗೆ ಬೆಂಗಳೂರಿನಲ್ಲಿ ಅಂಥ ಬಂಧುವಿನ ಮನೆ ಇರಲಿಲ್ಲ. ಊರಿನ ಶಾಲೆಯ ಓದು ಎಂಟನೆಯ ತರಗತಿಗೆ ಮುಗಿಯಿತು. ಉಪಾಧ್ಯಾಯರೊಬ್ಬರ ಪ್ರೋತ್ಸಾಹದಿಂದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರುವ ಆಸೆ ಹುಟ್ಟಿತು. 1935ರಲ್ಲಿ ಆ ಹುಡುಗನು ಬಸ್ಸಿಗೆ ಹಣವಿಲ್ಲದೆ ಸುಮಾರು 85 ಕಿಲೋಮೀಟರು ದೂರವನ್ನು ಎರಡು ದಿನ ನಡೆದು ಬೆಂಗಳೂರನ್ನು ಮುಟ್ಟಿದನು. ಗೌರಿಬಿದನೂರಿನ ಮೂಲಕ ರೈಲು ಓಡಲಾರಂಭಿಸಿ ಆ ವೇಳೆಗೆ ದಶಕಗಳೇ ಕಳೆದಿದ್ದವು. ಹಳಿಗಳು ಊರಿನ ಬಳಿಗೆ ಬಂದ ಮಾತ್ರಕ್ಕೆ ಊರು ಬೆಂಗಳೂರಿಗೆ ಹತ್ತಿರವಾಗುವುದಿಲ್ಲ.

ಈ ಕಾಲ್ನಡಿಗೆಯನ್ನು ನಾವು ಸಭೆಗಳಲ್ಲಿ ಬಹಳ ಹೊಗಳುತ್ತೇವೆ. ಹೊಗಳಿಕೆಗೆ ಅದು ಅರ್ಹವೇ. ಆದರೆ ಅದೇ ಊರಿನ ಅಷ್ಟೇ ಜಾಣೆಯಾದ ಹೆಣ್ಣುಮಗುವೊಂದು ಎರಡು ದಿನ ಒಂಟಿಯಾಗಿ ನಡೆದು ಬೆಂಗಳೂರಿಗೆ ಹೋಗಿ ಓದುವುದು 1935ರಲ್ಲಿ ಊಹೆಗೂ ನಿಲುಕದ ಮಾತು. ಹುಡುಗನಿಗೆ ಬಡತನವು ದಾರಿಯನ್ನು ಉದ್ದ ಮಾಡಿತು. ಹುಡುಗಿಗೆ ದಾರಿಯೇ ಇರಲಿಲ್ಲ.

ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾಗ, 1936ರಲ್ಲಿ ಅಲ್ಲಿಗೆ ಬಂದ ಗಾಂಧೀಜಿಯವರ ಹಿಂದಿ ಭಾಷಣವನ್ನು ನರಸಿಂಹಯ್ಯನವರು ಕನ್ನಡಕ್ಕೆ ಅನುವಾದಿಸಿ ಹೇಳಿದರು. ಹಳ್ಳಿಯಿಂದ ನಡೆದು ಬಂದು ಆಗಿನ್ನೂ ಒಂದು ವರ್ಷ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆವಾಸ. ಹಿಂತಿರುಗಿ ಬಂದು 1946ರಲ್ಲಿ ಎಂ.ಎಸ್ಸಿ. ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕುಲಪತಿಯಾದ ಮೇಲೂ ಅವರ ಮನೆಯೆಂದರೆ ವಿದ್ಯಾರ್ಥಿನಿಲಯದ ಒಂದು ಕೋಣೆ. ದೇವರು, ಪವಾಡಗಳ ವಿಷಯದಲ್ಲಿ ಅವರ ವಿಚಾರವಾದವನ್ನು ಒಪ್ಪದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆ ಕೋಣೆಯ ಬದುಕನ್ನು ಒಪ್ಪದವರು ಇರಲಾರರು. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳು ಹುಟ್ಟಲು ಅವರೇ ಕಾರಣರು. ಹೊಸೂರಿನ ಹುಡುಗ ಹುಡುಗಿಯರಿಬ್ಬರಿಗೂ ಕಾಲೇಜು ಈಗ ತಾಲ್ಲೂಕಿನ ಒಳಗೇ ಇದೆ.

ಇದಕ್ಕೆ ಹೋಲಿಸಲು ಯೋಗ್ಯವಾದ ಇನ್ನೊಂದು ಉದಾಹರಣೆ ಹೆಸರಿನಲ್ಲಿಯೇ ಚಿಂತಾಮಣಿಯನ್ನು ಹೊತ್ತದ್ದು. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಎಂಬ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನ ಬಸವನಗುಡಿಯಲ್ಲಿ; ತಂದೆ ವಿದ್ಯಾ ಇಲಾಖೆಯವರು. 1951ರಲ್ಲಿ, 17ರ ಪ್ರಾಯದಲ್ಲಿಯೇ, ಬಿ.ಎಸ್ಸಿ.; ಅಧ್ಯಾಪಕರೊಬ್ಬರ ಸಲಹೆಯಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ 1953ರಲ್ಲಿ ಎಂ.ಎಸ್ಸಿ.; ಆಮೇಲೆ ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳು ಕರೆದರೂ ಪರ್ಡ್ಯೂವನ್ನು ಆರಿಸಿಕೊಂಡು 1958ರಲ್ಲಿ ಡಾಕ್ಟರೇಟ್. ನರಸಿಂಹಯ್ಯನವರು 40ರ ವಯಸ್ಸಿನಲ್ಲಿ ತಲುಪಿದ ಮೆಟ್ಟಿಲನ್ನು ಇವರು 24ರಲ್ಲಿ ತಲುಪಿದರು. ನಡುವಣ 16 ವರ್ಷಗಳಲ್ಲಿ ಎಷ್ಟು ಪಾಲು ಸೆರೆಮನೆಗೆ ಮತ್ತು ಅಧ್ಯಾಪನಕ್ಕೆ ಸಂದಿತು, ಎಷ್ಟು ಪಾಲು ಹೊಸೂರಿಗೂ ಬಸವನಗುಡಿಗೂ ಇರುವ ಅಂತರಕ್ಕೆ ಸಂದಿತು ಎಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಈ ಸೀಮೆಯ ಮಕ್ಕಳ ಓದಿನಲ್ಲಿ ಕೊರತೆಯಿದೆಯೆಂದು ಇಂದು ಯಾರೂ ಹೇಳಲಾರರು. 2020ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯೇ ರಾಜ್ಯಕ್ಕೆ ಮೊದಲನೆಯದಾಯಿತು. ಆದರೆ ಬಾಗಿಲುಗಳ ರೀತಿ ಬದಲಾಗಿದೆ. ವೃತ್ತಿಶಿಕ್ಷಣಕ್ಕೆ 1994ರಿಂದ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ, ವೈದ್ಯಕೀಯಕ್ಕೆ ಈಗ ಅಖಿಲ ಭಾರತದ ನೀಟ್, ಐ.ಐ.ಟಿ.ಗಳಿಗೆ ಎರಡು ಹಂತದ ಜೆ.ಇ.ಇ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು ಉಂಟು, ಐ.ಐ.ಟಿ.ಗಳಲ್ಲಿ ಇವೆರಡೂ ಇಲ್ಲ. ನೀಟ್ ಪರೀಕ್ಷೆಯನ್ನು 2017ರಿಂದ, ಜೆ.ಇ.ಇ. ಮೊದಲ ಹಂತವನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಎರಡನೆಯ ಹಂತದ ಪ್ರಶ್ನೆಪತ್ರಿಕೆ ಇಂಗ್ಲಿಷು ಮತ್ತು ಹಿಂದಿಗಳಲ್ಲಿ ಮಾತ್ರ. ಮನೆಯ ತೆಲುಗನ್ನೂ ಶಾಲೆಯ ಕನ್ನಡವನ್ನೂ ದಾಟಿ ಬಂದ ಶಿಡ್ಲಘಟ್ಟದ ಮಗುವಿಗೆ ಮೂರನೆಯ ಮೆಟ್ಟಿಲು ಅಲ್ಲಿ ಇನ್ನೂ ಹಾಗೆಯೇ ನಿಂತಿದೆ. ತರಬೇತಿಯ ಶುಲ್ಕ, ಬೆಂಗಳೂರಿನ ಬಾಡಿಗೆಯ ಕೋಣೆ, ಎರಡು ಹೊತ್ತಿನ ಊಟ ಇವು ವಾರಾನ್ನದ ಕಾಲದ ಪ್ರಶ್ನೆಗಳೇ. ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬುವ ದಿನಗಳು ಬಂದ ಮೇಲೂ ಗ್ರಾಮೀಣ ಮೀಸಲು ಬೇಕೆಂದರೆ, ಮಗುವು ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದೆಯೆಂಬ ಪ್ರಮಾಣಪತ್ರಕ್ಕೆ ಆ ಶಾಲೆಯ ಮುಖ್ಯೋಪಾಧ್ಯಾಯರು ಕೈಯಾರೆ ರುಜು ಹಾಕಬೇಕಾಗಿತ್ತು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಅದರ ಮೇಲೆ ಮೇಲುರುಜು ಮಾಡಬೇಕಾಗಿತ್ತು.