ಗಣಕಯಂತ್ರ ಆಟಗಳ ನಕಲು ತಡೆ ವ್ಯವಸ್ಥೆ ಹಾಗೂ ಹಣ ಪಾವತಿಸಿದ ಗ್ರಾಹಕರ ಹಕ್ಕುಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಗಣಕಯಂತ್ರದಲ್ಲಿ ಆಡುವ ಆಟಗಳು ಕಾನೂನಿನ ದೃಷ್ಟಿಯಲ್ಲಿ ತಂತ್ರಾಂಶಗಳಾಗಿದ್ದು, ಕೃತಿಸ್ವಾಮ್ಯ ಅಧಿನಿಯಮ, 1957ರ ರಕ್ಷಣೆಗೆ ಒಳಪಟ್ಟಿರುತ್ತವೆ. ಅನಧಿಕೃತ ಪ್ರತಿಗಳನ್ನು ತಡೆಯುವ ಸಲುವಾಗಿ ತಯಾರಕರು ತಮ್ಮ ಆಟಗಳಲ್ಲಿ ನಕಲು ತಡೆ ವ್ಯವಸ್ಥೆಯನ್ನು ಅಳವಡಿಸುತ್ತಾರೆ. ಇದು ಅವರ ನ್ಯಾಯಸಮ್ಮತ ಹಕ್ಕಾಗಿರುತ್ತದೆ. ಆದರೆ ಅದೇ ವ್ಯವಸ್ಥೆಯಿಂದಾಗಿ ಪೂರ್ಣ ಬೆಲೆ ತೆತ್ತು ಅಸಲು ಪ್ರತಿಯನ್ನು ಖರೀದಿಸಿದ ಗ್ರಾಹಕರೇ ಆಟವನ್ನು ಉಪಯೋಗಿಸಲಾಗದ ಸಂದರ್ಭಗಳು ಉಂಟಾಗುತ್ತಿವೆ. ಅಂತಹ ಸಂದರ್ಭದಲ್ಲಿ ಗ್ರಾಹಕರಿಗೆ ಲಭ್ಯವಿರುವ ಹಕ್ಕುಗಳು ಹಾಗೂ ಪರಿಹಾರ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ. ಹಣವನ್ನು ಪಣವಾಗಿಟ್ಟು ಆಡುವ ಆಟಗಳು ಈ ಪುಟದ ವ್ಯಾಪ್ತಿಗೆ ಒಳಪಡುವುದಿಲ್ಲ.

2. ನಕಲು ತಡೆ ವ್ಯವಸ್ಥೆಯ ವಿಧಗಳು

(ಅ) ಸಂಕೇತ ಪದ: ಆಟದೊಂದಿಗೆ ನೀಡಿದ ಕೈಪಿಡಿಯ ನಿರ್ದಿಷ್ಟ ಪುಟದಲ್ಲಿನ ಪದವನ್ನು ನಮೂದಿಸಿದ ನಂತರವೇ ಆಟ ಮುಂದುವರಿಯುವ ಪದ್ಧತಿ. 1980 ಹಾಗೂ 1990ರ ದಶಕಗಳಲ್ಲಿ ಇದು ಬಳಕೆಯಲ್ಲಿತ್ತು.

(ಆ) ಸಿ.ಡಿ. ಅಥವಾ ಡಿ.ವಿ.ಡಿ. ತಪಾಸಣೆ: ಅಸಲು ಡಿಸ್ಕ್ ಯಂತ್ರದಲ್ಲಿ ಇದ್ದರೆ ಮಾತ್ರ ಆಟ ನಡೆಯುತ್ತದೆ. ಸೇಫ್‌ಡಿಸ್ಕ್ ಮತ್ತು ಸೆಕ್ಯುರಾಮ್ ಈ ಬಗೆಯ ವ್ಯವಸ್ಥೆಗಳಾಗಿವೆ.

(ಇ) ಸಕ್ರಿಯಗೊಳಿಸುವಿಕೆ: ಪೆಟ್ಟಿಗೆಯಲ್ಲಿ ಮುದ್ರಿತವಾದ ಕ್ರಮಸಂಖ್ಯೆಯನ್ನು ಅಂತರಜಾಲದ ಮೂಲಕ ತಯಾರಕರ ಸರ್ವರ್‌ಗೆ ಕಳುಹಿಸಿ ಅನುಮತಿ ಪಡೆಯಬೇಕಾಗುತ್ತದೆ. ಎಷ್ಟು ಯಂತ್ರಗಳಲ್ಲಿ ಬಳಸಬಹುದು ಎಂಬ ಮಿತಿಯೂ ಇರಬಹುದು.

(ಈ) ನಿರಂತರ ಸಂಪರ್ಕ: ಒಬ್ಬರೇ ಆಡುವ ಆಟಕ್ಕೂ ಅಂತರಜಾಲ ಸಂಪರ್ಕ ಸದಾ ಇರಬೇಕಾಗುತ್ತದೆ. ಸಂಪರ್ಕ ಕಡಿದಲ್ಲಿ ಆಟ ನಿಲ್ಲುತ್ತದೆ.

3. ಗ್ರಾಹಕರಿಗೆ ಉಂಟಾದ ತೊಂದರೆಗಳು

2008ರಲ್ಲಿ ಬಿಡುಗಡೆಯಾದ ‘ಸ್ಪೋರ್’ ಆಟವನ್ನು ಮೂರು ಯಂತ್ರಗಳಿಗೆ ಸೀಮಿತಗೊಳಿಸಲಾಗಿತ್ತು. ಗ್ರಾಹಕರ ತೀವ್ರ ವಿರೋಧದ ನಂತರ ಈ ಮಿತಿಯನ್ನು ಐದಕ್ಕೆ ಏರಿಸಲಾಯಿತು. 2010ರ ಮಾರ್ಚ್ ತಿಂಗಳಿನಲ್ಲಿ ‘ಅಸ್ಯಾಸಿನ್ಸ್ ಕ್ರೀಡ್ 2’ ಆಟದ ಸರ್ವರ್ ಸ್ಥಗಿತಗೊಂಡಾಗ ಹಣ ನೀಡಿದವರೇ ಆಡಲಾಗದೆ ಉಳಿದರು. 2013ರಲ್ಲಿ ‘ಸಿಮ್‌ಸಿಟಿ’ ಆಟದ ಬಿಡುಗಡೆಯ ವೇಳೆಯಲ್ಲೂ ಇದೇ ಸ್ಥಿತಿ ಮರುಕಳಿಸಿತು. ತಯಾರಕರು ಗ್ರಾಹಕರಿಗೆ ಮತ್ತೊಂದು ಆಟವನ್ನು ಉಚಿತವಾಗಿ ನೀಡಿದರು. ಒಂದು ವರ್ಷದ ಬಳಿಕ, 2014ರಲ್ಲಿ, ಸಂಪರ್ಕವಿಲ್ಲದೆ ಆಡುವ ಸೌಲಭ್ಯವನ್ನೂ ಕಲ್ಪಿಸಿದರು.

ಹಳೆಯ ಡಿಸ್ಕ್‌ಗಳ ತೊಂದರೆ ಬೇರೆಯೇ ಆಗಿದೆ. ಸೇಫ್‌ಡಿಸ್ಕ್ ವ್ಯವಸ್ಥೆಯು ಯಂತ್ರದ ಸುರಕ್ಷತೆಗೆ ಅಪಾಯಕಾರಿ ಎಂಬ ಕಾರಣದಿಂದ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಅವಕಾಶ ನೀಡಲಾಗಲಿಲ್ಲ. ಇದರಿಂದ ಹಿಂದೆ ನ್ಯಾಯವಾಗಿ ಕೊಂಡ ಅನೇಕ ಆಟಗಳು ಹೊಸ ಯಂತ್ರದಲ್ಲಿ ನಡೆಯದಾದವು.

2014ರಲ್ಲಿ ಮಾರಾಟಕ್ಕೆ ಬಂದ ‘ದಿ ಕ್ರ್ಯೂ’ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಲಾಯಿತು. ಆಟವನ್ನು ಕೊಂಡವರ ಬಳಿ ಡಿಸ್ಕ್ ಉಳಿಯಿತೇ ಹೊರತು ಆಟ ಉಳಿಯಲಿಲ್ಲ. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಡಿಜಿಟಲ್ ಸರಕುಗಳ ಮಾರಾಟದಲ್ಲಿ ಗ್ರಾಹಕರಿಗೆ ದೊರೆಯುವುದು ಕೇವಲ ಪರವಾನಗಿಯಾಗಿದ್ದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕಾನೂನು ಮಾಡಿತು. ಸದರಿ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

4. ಕೊಂಡದ್ದು ಸರಕೋ, ಪರವಾನಗಿಯೋ?

ಡಿಸ್ಕ್‌ನಲ್ಲಿ ಅಡಕಗೊಳಿಸಿ ಮಾರುವ ಸಿದ್ಧ ತಂತ್ರಾಂಶವು ‘ಸರಕು’ ಎಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರ ಪ್ರದೇಶ ಸರ್ಕಾರದ ನಡುವಣ ಮಾರಾಟ ತೆರಿಗೆ ಪ್ರಕರಣದಲ್ಲಿ ತೀರ್ಪು ನೀಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಯಾಗಿ ಹೋದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ, 2021ರ ಮಾರ್ಚ್ 2ರಂದು, ಕೃತಿಸ್ವಾಮ್ಯವು ಬೇರೆ, ಕೃತಿಯ ಪ್ರತಿಯು ಬೇರೆ ಎಂದು ಅದೇ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಇವೆರಡೂ ತೆರಿಗೆ ಪ್ರಕರಣಗಳಾಗಿದ್ದರೂ ಅವುಗಳ ತತ್ತ್ವ ಗ್ರಾಹಕರಿಗೆ ಉಪಯುಕ್ತವಾಗಿದೆ. ಪ್ರತಿಯನ್ನು ಕೊಂಡವರಿಗೆ ಅದನ್ನು ನಕಲು ಮಾಡಿ ಮಾರುವ ಹಕ್ಕು ದೊರೆಯುವುದಿಲ್ಲ. ಆದರೆ ಅದನ್ನು ಉದ್ದೇಶಿತ ರೀತಿಯಲ್ಲಿ ಬಳಸುವ ಹಕ್ಕು ದೊರೆಯುತ್ತದೆ. ಸರಕು ಆಗಲಿ ಸೇವೆ ಆಗಲಿ, ಎರಡಕ್ಕೂ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಅನ್ವಯಿಸುವುದರಿಂದ ‘ಇದು ಕೇವಲ ಪರವಾನಗಿ’ ಎಂಬ ಉತ್ತರದಿಂದ ಮಾತ್ರಕ್ಕೆ ದೂರು ಬಿದ್ದುಹೋಗುವುದಿಲ್ಲ.

5. ಕಾಯ್ದಿಟ್ಟ ಪ್ರತಿ ಮಾಡಿಕೊಳ್ಳುವ ಹಕ್ಕು

2019 ಹಾಗೂ 2021ರ ಕೃಷ್ಣಾ ಪ್ರವಾಹದಲ್ಲಿ ಕಾಗವಾಡ ತಾಲ್ಲೂಕಿನ ನದಿತೀರದ ಗ್ರಾಮಗಳು ಸಂಕಷ್ಟಕ್ಕೆ ಒಳಗಾದವು. ಜುಗೂಳದಂತಹ ಗ್ರಾಮಗಳಲ್ಲಿ ಮನೆಗೆ ನೀರು ನುಗ್ಗಿದಾಗ ಡಿಸ್ಕ್, ಕೈಪಿಡಿ, ಕ್ರಮಸಂಖ್ಯೆಯ ಚೀಟಿ ಮೂರೂ ಒಟ್ಟಿಗೆ ಹಾಳಾಗುವ ಸಂಭವವಿರುತ್ತದೆ. ಕೃತಿಸ್ವಾಮ್ಯ ಅಧಿನಿಯಮದ 52(1)(ಎಎ) ಪ್ರಕರಣದ ಮೇರೆಗೆ, ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ನಷ್ಟ, ನಾಶ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಕಾಯ್ದಿಟ್ಟ ಪ್ರತಿ ಮಾಡಿಕೊಳ್ಳಬಹುದು. ಅದು ಸ್ವಂತ ಬಳಕೆಗೆ ಮಾತ್ರ ಸೀಮಿತವಾಗಿರತಕ್ಕದ್ದು.

ನಕಲು ತಡೆ ವ್ಯವಸ್ಥೆಯನ್ನು ಮುರಿಯುವುದರ ಬಗ್ಗೆ 65ಎ ಪ್ರಕರಣವನ್ನು 2012ರ ತಿದ್ದುಪಡಿಯ ಮೂಲಕ ಸೇರಿಸಲಾಗಿದೆ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಅದನ್ನು ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ಜುಲ್ಮಾನೆ ವಿಧಿಸಬಹುದಾಗಿದೆ. ಇಲ್ಲಿ ‘ಉದ್ದೇಶ’ ಎಂಬ ಅಂಶ ಮುಖ್ಯವಾದುದು. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕೆ ಈ ಪ್ರಕರಣ ಅಡ್ಡಿಯಾಗುವುದಿಲ್ಲ. ಆದರೆ ಇನ್ನೊಬ್ಬರಿಗಾಗಿ ಈ ಕೆಲಸಕ್ಕೆ ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ ಹಾಗೂ ಉದ್ದೇಶದ ದಾಖಲೆಯನ್ನು ಇಡತಕ್ಕದ್ದು.

ಗಮನಿಸಿ: ಪ್ರತಿ ಮಾಡಿಕೊಳ್ಳಲು ಕಾನೂನು ಅವಕಾಶ ನೀಡಿದ್ದರೂ, ಪ್ರತಿ ಮಾಡಲು ಬರುವಂತಹ ಡಿಸ್ಕನ್ನೇ ನೀಡಬೇಕೆಂದು ತಯಾರಕರನ್ನು ಕಡ್ಡಾಯಪಡಿಸಿಲ್ಲ. ಆದುದರಿಂದ ಡಿಸ್ಕ್ ಹಾಳಾದಲ್ಲಿ ಖರೀದಿ ರಸೀದಿಯೊಂದಿಗೆ ಬದಲಿ ಡಿಸ್ಕಿಗಾಗಿ ತಯಾರಕರಿಗೆ ಲಿಖಿತ ಕೋರಿಕೆ ಸಲ್ಲಿಸುವುದು ಸೂಕ್ತ.

6. ಅನಧಿಕೃತ ಪ್ರತಿಗಳು ಪರಿಹಾರವಲ್ಲ

ಅಸಲು ಪ್ರತಿಯಿಂದ ತೊಂದರೆಯಾಯಿತೆಂದು ಅನಧಿಕೃತ ಪ್ರತಿಯನ್ನು ಕೊಳ್ಳುವುದು ಸರಿಯಲ್ಲ. ಉಲ್ಲಂಘಿತ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸಿದವರಿಗೆ 63ಬಿ ಪ್ರಕರಣದ ಮೇರೆಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ಜುಲ್ಮಾನೆ ವಿಧಿಸಲು ಅವಕಾಶವಿದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ಸೂಕ್ತ ಕಾರಣ ನಮೂದಿಸಿ ಸೆರೆವಾಸವನ್ನು ಕೈಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಮೇಲಾಗಿ, ಅಂತಹ ಪ್ರತಿಗೆ ಸರಿಯಾದ ಬಿಲ್ಲು ಇರುವುದಿಲ್ಲವಾದ್ದರಿಂದ ಖರೀದಿಯನ್ನು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

7. ಯಾವ ಸಂದರ್ಭಗಳಲ್ಲಿ ದೂರು ನೀಡಬಹುದು?

• ನಿರಂತರ ಅಂತರಜಾಲ ಸಂಪರ್ಕ ಬೇಕೆಂಬುದನ್ನು ಅಥವಾ ಯಂತ್ರಗಳ ಮಿತಿಯನ್ನು ಮಾರಾಟಕ್ಕೆ ಮುನ್ನ ತಿಳಿಸದಿದ್ದಲ್ಲಿ.
• ಕ್ರಮಸಂಖ್ಯೆ ಈಗಾಗಲೇ ಬಳಕೆಯಾಗಿದ್ದು ಆಟ ಸಕ್ರಿಯಗೊಳ್ಳದಿದ್ದಲ್ಲಿ.
• ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದರೆ ಮೂವತ್ತು ದಿನಗಳೊಳಗೆ, ಹಿಂಪಡೆಯಲು ನಿರಾಕರಿಸಿದಲ್ಲಿ.
• ಬಿಲ್ಲು ನೀಡಲು ನಿರಾಕರಿಸಿದಲ್ಲಿ.
• ಸಮಂಜಸ ಕಾರಣವಿಲ್ಲದೆ ಏಕಪಕ್ಷೀಯವಾಗಿ ಖಾತೆಯನ್ನು ರದ್ದುಪಡಿಸುವ ಷರತ್ತು ಒಪ್ಪಂದದಲ್ಲಿದ್ದಲ್ಲಿ. ಇದು ‘ಅನುಚಿತ ಕರಾರು’ ಎನಿಸಬಹುದಾಗಿದ್ದು, ಅಂತಹ ದೂರನ್ನು ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗಕ್ಕೆ ಸಲ್ಲಿಸಬೇಕು.

8. ಎಲ್ಲಿ ದೂರು ನೀಡಬೇಕು?

ಜುಗೂಳ ಹಾಗೂ ಸುತ್ತಲಿನ ಗ್ರಾಮಗಳು ರಾಜ್ಯದ ಗಡಿಯಲ್ಲಿದ್ದು, ಇಲ್ಲಿನ ಗ್ರಾಹಕರು ಮಿರಜ, ಸಾಂಗಲಿಯ ಅಂಗಡಿಗಳಲ್ಲಿಯೂ ಖರೀದಿ ಮಾಡುವುದುಂಟು. 1986ರ ಅಧಿನಿಯಮದ ಮೇರೆಗೆ ಎದುರುದಾರರು ಇರುವ ಅಥವಾ ವ್ಯಾಜ್ಯಕಾರಣ ಉದ್ಭವಿಸಿದ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬೇಕಾಗಿತ್ತು. 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದ 2019ರ ಅಧಿನಿಯಮದ 34ನೇ ಪ್ರಕರಣವು ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ಕಲ್ಪಿಸಿದೆ. ಅದರಂತೆ ಮಹಾರಾಷ್ಟ್ರದಲ್ಲಿ ಕೊಂಡ ಆಟದ ಬಗ್ಗೆಯೂ ಜುಗೂಳದ ನಿವಾಸಿಗಳು ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು.

ಅಂತರಜಾಲದ ಮೂಲಕ ಖರೀದಿಸಿದ ಆಟಗಳಿಗೆ ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಅನ್ವಯಿಸುತ್ತವೆ. ಭಾರತದ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರಾಟ ಮಾಡುವ ವಿದೇಶಿ ಸಂಸ್ಥೆಗಳೂ ಇವುಗಳ ವ್ಯಾಪ್ತಿಗೆ ಬರುತ್ತವೆ. ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕೃತಿಪಡಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು.

9. ದೂರು ಸಲ್ಲಿಸುವ ವಿಧಾನ

ಮೊದಲಿಗೆ ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತವಾಗಿ ತಿಳಿಸುವುದು ಒಳಿತು. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಇದರಿಂದ ಪರಿಹಾರ ದೊರೆಯದಿದ್ದಲ್ಲಿ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದ್ದು, ಕೆಳಕಂಡ ಅಂಶಗಳನ್ನು ಗಮನಿಸುವುದು:

• ಪಾವತಿಸಿದ ಬೆಲೆ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.
• ವ್ಯಾಜ್ಯಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.
• ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.
• ಆನ್‌ಲೈನ್ ಮೂಲಕ ದೂರು ಸಲ್ಲಿಸಲು ಹಾಗೂ ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅವಕಾಶವಿದೆ.
• ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲು ಅಥವಾ ಪಾವತಿ ವಿವರ, ಪೆಟ್ಟಿಗೆಯ ಮೇಲಿನ ಬರಹದ ಛಾಯಾಚಿತ್ರ, ಪರದೆಯ ಮೇಲೆ ಕಂಡ ದೋಷ ಸಂದೇಶದ ಚಿತ್ರ, ನಡೆಸಿದ ಪತ್ರವ್ಯವಹಾರ.

ದೂರು ಸಾಬೀತಾದಲ್ಲಿ ದೋಷ ನಿವಾರಣೆ, ಬದಲಿ ಸರಕು, ಬಡ್ಡಿಸಹಿತ ಹಣ ವಾಪಸಾತಿ ಅಥವಾ ಪರಿಹಾರ ಧನ ನೀಡುವಂತೆ ಆಯೋಗವು ಆದೇಶಿಸಬಹುದು. ಆದೇಶದಿಂದ ಬಾಧಿತರಾದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

10. ಗ್ರಾಹಕರಿಗೆ ಸಲಹೆ

ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿಯ ಬರಹವನ್ನು ಪೂರ್ಣವಾಗಿ ಓದುವುದು. ಊರಿನಲ್ಲಿ ಅಂತರಜಾಲ ಸಂಪರ್ಕ ಸ್ಥಿರವಾಗಿಲ್ಲದಿದ್ದಲ್ಲಿ ನಿರಂತರ ಸಂಪರ್ಕ ಬೇಡುವ ಆಟಗಳನ್ನು ಕೊಳ್ಳದಿರುವುದು. ಕ್ರಮಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಳ್ಳುವುದು. ಬಿಲ್ಲನ್ನು ತಪ್ಪದೇ ಪಡೆದು, ಕನಿಷ್ಠ ಎರಡು ವರ್ಷ ಕಾಯ್ದಿರಿಸುವುದು.